ತಿಮಿಂಗಿಲಕ್ಕೆ ಕಾಲಿತ್ತು ಅನ್ನೋದಕ್ಕೆ ಸಾಕ್ಷಿ ಏನು?

ಹೊನ್ನಾವರದ ಸೊಸೆ:
ಊಟ ಆದ ಮೇಲೆ ವಾದಕ್ಕೆ ಕೂರುವುದು ನಮ್ಮ ಮಾವನವರ ರೂಢಿ. ನಿನ್ನೆಯ ವಿಷಯ ಜೀವವಿಕಾಸ. "ತಿಮಿಂಗಿಲ ಮೊದಲು ನೆಲದ ಮೇಲೆ ಓಡಾಡುತ್ತಿತ್ತಂತೆ. ಹಾಗಾದರೆ ಅರ್ಧ ದನ, ಅರ್ಧ ತಿಮಿಂಗಿಲ ಎಲ್ಲಿ ಸಿಕ್ಕಿದೆ ತೋರಿಸು" ಎಂದರು. ನಾನು ಬಿ.ಕಾಂ. ಓದಿದವಳು, ಉತ್ತರ ಹೊಳೆಯಲಿಲ್ಲ. ಗೊತ್ತಿದ್ದವರು ಹೇಳಿ. ಗೂಗಲ್ ಮಾಡಿ ಅನ್ನಬೇಡಿ, ದಯವಿಟ್ಟು.

ಕಲ್ಲುಸುತ್ತಿಗೆ:
ಅರ್ಧ ದನ ಸಿಕ್ಕಿಲ್ಲ, ಸಿಗುವುದೂ ಇಲ್ಲ. ದನ ತಿಮಿಂಗಿಲವಾಯಿತು ಅಂತ ಯಾರೂ ಹೇಳುತ್ತಿಲ್ಲ. ಎರಡರ ಮೂಲ ಒಂದೇ ಅಂತ ಹೇಳುವುದು.

ನಾನು ಭೂವಿಜ್ಞಾನ ಓದಿದವನು. ನನಗೆ ಇಷ್ಟವಾದ ಸಾಕ್ಷಿ ನಮ್ಮ ದೇಶದ್ದೇ. ರಂಗರಾವ್ ಎಂಬ ಭೂವಿಜ್ಞಾನಿ ಜಮ್ಮು-ಕಾಶ್ಮೀರದ ಕಾಲಾಕೋಟ್ ಹತ್ತಿರ ಮೂಳೆ ತುಂಬಿದ ಕಲ್ಲುಗಳನ್ನು ಕೂಡಿಟ್ಟಿದ್ದರು. ಅವರು ತೀರಿಕೊಂಡ ಮೇಲೂ ಅವು ಡೆಹ್ರಾಡೂನಿನ ಮನೆಯಲ್ಲೇ ಬಿದ್ದಿದ್ದವು. ಕೊನೆಗೆ ಅವರ ಪತ್ನಿಯ ಕಡೆಯಿಂದ ಅಮೆರಿಕದ ಪಳೆಯುಳಿಕೆ ತಜ್ಞ ಹಾನ್ಸ್ ತೆವಿಸ್ಸನ್ ಕೈ ಸೇರಿದವು. ಕಲ್ಲು ಬಿಡಿಸುವಾಗ ಒಂದು ಬುರುಡೆಯ ಕಿವಿಯ ಮೂಳೆ ಮುರಿಯಿತು. ಒಳಗೆ ನೋಡಿದರೆ ಅದರ ಒಂದು ಬದಿಯ ಗೋಡೆ ವಿಪರೀತ ದಪ್ಪ. ಅದು ತಿಮಿಂಗಿಲ ಜಾತಿಯ ಗುರುತು! ಆದರೆ ಪ್ರಾಣಿ ನೋಡಿದರೆ ಬೆಕ್ಕಿನ ಗಾತ್ರದ, ಗೊರಸಿನ ಸಣ್ಣ ಜೀವಿ. ಹೆಸರು ಇಂಡೋಹ್ಯೂಸ್, ಸುಮಾರು 4.8 ಕೋಟಿ ವರ್ಷ ಹಳೆಯದು. 2007ರಲ್ಲಿ ಇದೆಲ್ಲ ಪ್ರಕಟವಾಯಿತು. ಅದರ ಕಾಲಿನ ಮೂಳೆಯೂ ದಪ್ಪ. ನೀರಿನ ತಳದಲ್ಲಿ ನಡೆಯುವ ಪ್ರಾಣಿಗೆ ಆ ಭಾರ ಬೇಕು, ನೀರಾನೆಗೂ ಹಾಗೇ ಇದೆ.

ಕುರಿಯ ಹಿಂಗಾಲಿನ ಗಂಟಿನಲ್ಲಿ ಒಂದು ಪುಟ್ಟ ಮೂಳೆ ಇರುತ್ತದೆ. ಎರಡೂ ತುದಿ ಬಾವಿಯ ರಾಟೆಯ ಹಾಗೆ. ದನ, ಜಿಂಕೆ, ಹಂದಿ, ಒಂಟೆಗೆಲ್ಲ ಇದೇ ಆಕಾರದ ಮೂಳೆ, ಬೇರೆ ಗುಂಪಿಗೆ ಈ ಆಕಾರ ಇಲ್ಲ. 2001ರಲ್ಲಿ ಪಾಕಿಸ್ತಾನದ ಹಳೇ ತಿಮಿಂಗಿಲಗಳಲ್ಲೂ ಇದು ಸಿಕ್ಕಿತು. ಮಾವನವರಿಗೆ ಇದನ್ನೇ ಹೇಳಿ.

ಡಬ್ಬಿ ಡಿಎನ್‌ಎ:
ಮೂಳೆ ಬಿಟ್ಟು ಜೀನ್ ನೋಡಿದರೂ ಅದೇ ಕಥೆ. ತಿಮಿಂಗಿಲಕ್ಕೆ ತೀರಾ ಹತ್ತಿರದ ಬದುಕಿರುವ ನೆಂಟ ನೀರಾನೆ. ಇನ್ನೊಂದು ಮಜಾ. ನೀಲಿ ತಿಮಿಂಗಿಲದಂಥವಕ್ಕೆ ಹಲ್ಲಿಲ್ಲ, ಆಹಾರ ಸೋಸುವ ಜಾಲರಿ ಇದೆ. ಆದರೂ ಗರ್ಭದಲ್ಲಿ ಹಲ್ಲಿನ ಮೊಳಕೆ ಬಂದು ಕರಗಿಹೋಗುತ್ತದೆ. ಹಲ್ಲಿನ ಹೊಳಪಿನ ಪದರ ಮಾಡುವ ಜೀನ್ ಕೂಡ ಕೆಟ್ಟುಹೋದ ಸ್ಥಿತಿಯಲ್ಲಿ ಇನ್ನೂ ಒಳಗೇ ಇದೆ. ಹಲ್ಲೇ ಇಲ್ಲದ ಪ್ರಾಣಿಗೆ ಅದ್ಯಾಕೆ?

ಸುಮ್ನೆ ಕೇಳಿದೆ:
ಎಲ್ಲ ಚೆನ್ನಾಗಿದೆ ಸಾರ್. ಆದರೆ ಸಿಕ್ಕ ಮೂಳೆಗಳನ್ನು ನಿಮಗೆ ಬೇಕಾದ ಹಾಗೆ ಸಾಲಾಗಿ ಜೋಡಿಸಿಕೊಂಡರೆ ಅದು ಸಾಕ್ಷಿ ಆಗುತ್ತಾ?

ಕಲ್ಲುಸುತ್ತಿಗೆ:
ಒಳ್ಳೇ ಪ್ರಶ್ನೆ. ಸಾಲು ನಾವು ಮಾಡಿದ್ದಲ್ಲ, ಕಲ್ಲಿನ ಪದರ ಮಾಡಿದ್ದು. ನಾಲ್ಕು ಕಾಲಿನ ಹಳೇ ತಿಮಿಂಗಿಲ ಪಾಕಿಸೀಟಸ್ ಸುಮಾರು 5 ಕೋಟಿ ವರ್ಷದ ಪದರದಲ್ಲಿ. ಗುಜರಾತಿನ ಕಛ್‌ನಲ್ಲಿ ಸಿಕ್ಕ ಕಛಿಸೀಟಸ್ ಅದಕ್ಕಿಂತ ಈಚಿನದು, ಕಾಲು ಗಿಡ್ಡ, ಬಾಲ ಉದ್ದ. ಈಜಿಪ್ಟಿನ ಬ್ಯಾಸಿಲೋಸಾರಸ್ ಇನ್ನೂ ಈಚೆ. ದೇಹ 15 ಮೀಟರಿಗೂ ಉದ್ದ, ಹಿಂಗಾಲು ಮಾತ್ರ ಪುಟಾಣಿ, ಆದರೂ ಮಂಡಿ, ಬೆರಳು ಎಲ್ಲ ಇವೆ! ಪಾಕಿಸೀಟಸ್‌ಗಿಂತ ಕೆಳಗಿನ, ಅಂದರೆ ಇನ್ನೂ ಹಳೆಯ ಪದರದಲ್ಲಿ ಒಂದೇ ಒಂದು ಡಾಲ್ಫಿನ್ ಸಿಕ್ಕಿದರೂ ಈ ವಾದ ಬಿದ್ದುಹೋಗುತ್ತದೆ. ಹುಡುಕಲಿ, ಯಾರೂ ತಡೆದಿಲ್ಲ.

ಹೊನ್ನಾವರದ ಸೊಸೆ:
ಕುರಿಯ ಕಾಲಿನ ಮೂಳೆಯ ವಿಷಯ ಕೇಳಿ ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ "ಸರಿ, ಮೂಗು ತಲೆ ಮೇಲೆ ಹೇಗೆ ಹೋಯಿತು?" ಅಂದರು.

ಕಲ್ಲುಸುತ್ತಿಗೆ:
ಒಮ್ಮೆಗೇ ಹೋಗಲಿಲ್ಲ. ಪಾಕಿಸೀಟಸ್‌ಗೆ ಮೂತಿಯ ತುದಿಯಲ್ಲೇ ಇತ್ತು. ಬ್ಯಾಸಿಲೋಸಾರಸ್‌ನಲ್ಲಿ ಸ್ವಲ್ಪ ಹಿಂದಕ್ಕೆ ಸರಿದಿದೆ. ಈಗಿನವುಗಳಲ್ಲಿ ನೆತ್ತಿ ಮೇಲೆ. ಗರ್ಭದಲ್ಲಿರುವ ಡಾಲ್ಫಿನ್ ಮರಿಗೂ ಮೊದಲು ಮುಂದೆಯೇ ಇದ್ದು, ಬೆಳೆಯುತ್ತಾ ಮೇಲಕ್ಕೆ ಹೋಗುತ್ತದೆ.