ಜೇನ್ ಗ್ರೇ ಅಷ್ಟು ಗಟ್ಟಿಯಾದದ್ದು ಕ್ಯಾಥರಿನ್ ಪಾರ್ ಮನೆಯಿಂದಲೇ?

ಗಂಗೋತ್ರಿ ವಿದ್ಯಾರ್ಥಿನಿ, ಮೈಸೂರು:
ಎಲ್ಲರಿಗೂ ನಮಸ್ಕಾರ. ಇತಿಹಾಸ ಎಂ.ಎ. ಮಾಡ್ತಿದ್ದೀನಿ, ಮುಂದಿನ ವಾರ ಲೇಡಿ ಜೇನ್ ಗ್ರೇ ಬಗ್ಗೆ ಸೆಮಿನಾರ್ ಇದೆ, 1553ರಲ್ಲಿ ಕೆಲವೇ ದಿನ ಇಂಗ್ಲೆಂಡಿನ ರಾಣಿ ಅನ್ನಿಸಿಕೊಂಡು, ಆಮೇಲೆ ಮೇರಿ ರಾಣಿ ಕಾಲದಲ್ಲಿ ತಲೆ ಕಳಕೊಂಡವಳು. ಎಂಟನೇ ಹೆನ್ರಿಯ ಆರನೇ ಹೆಂಡತಿ ಕ್ಯಾಥರಿನ್ ಪಾರ್ ಆಶ್ರಯದಲ್ಲಿ ಈ ಹುಡುಗಿ ಇದ್ದದ್ದು 1547–48ರಲ್ಲಿ, ಹೆಚ್ಚೆಂದರೆ ಒಂದೂವರೆ ವರ್ಷ. ಅಷ್ಟರಲ್ಲೇ ರಾಣಿ ಅವಳನ್ನ ಪ್ರೊಟೆಸ್ಟೆಂಟ್ ಮಾಡಿಬಿಟ್ಟಳು ಅಂತ ಬರೀಬಹುದಾ? ಅವಳ ಅಪ್ಪನೂ, ಮನೆಪಾಠದ ಜಾನ್ ಐಲ್ಮರ್ ಕೂಡ ಚರ್ಚಿನ ಸುಧಾರಣೆ, ಅಂದರೆ ಪ್ರೊಟೆಸ್ಟೆಂಟ್ ಕಡೆಯವರೇ ಅಲ್ವಾ?

ಮಂಡ್ಯದ ನಿವೃತ್ತ ಮೇಷ್ಟ್ರು:
ಎಲ್ಲಾ ರಾಣಿಯೇ ಕಲಿಸಿದಳು ಅಂತ ಬರೀಬೇಡ ಕಣಮ್ಮ. ಪಾಠ ಐಲ್ಮರ್‌ದು. 1550ರಲ್ಲಿ ವಿದ್ವಾಂಸ ರೋಜರ್ ಆಸ್ಕಂ ಜೇನ್‌ಳ ಮನೆ ಬ್ರಾಡ್‌ಗೇಟ್‌ಗೆ ಹೋದಾಗ ಮನೆಮಂದಿಯೆಲ್ಲ ಬೇಟೆಗೆ ಹೋಗಿದ್ದರು, ಇವಳೊಬ್ಬಳು ಪ್ಲೇಟೋನ ಗ್ರೀಕಿನಲ್ಲೇ ಓದ್ತಾ ಕೂತಿದ್ದಳು. ಅಷ್ಟೊತ್ತಿಗೆ ರಾಣಿ ತೀರಿಕೊಂಡು ಆಗಿತ್ತು.

ಆದರೆ ಹೆಂಗಸೊಬ್ಬಳು ದೇವರ ವಿಷಯವನ್ನ ತನ್ನ ಹೆಸರಲ್ಲೇ, ಇಂಗ್ಲಿಷಲ್ಲೇ ಬರೆದು ಅಚ್ಚು ಹಾಕಿಸಬಹುದು ಅನ್ನೋದನ್ನ ಯಾವ ಮೇಷ್ಟ್ರು ತೋರಿಸ್ತಾನೆ? ಕ್ಯಾಥರಿನ್ 1545ರಲ್ಲಿ ಪ್ರಾರ್ಥನೆಗಳ ಪುಸ್ತಕ ತಂದಳು, 1547ರಲ್ಲಿ ಇನ್ನೊಂದು.

ನೀನು ಹಿಡಿಯಬೇಕಾದ್ದು ಸೂಡ್ಲಿ ಕೋಟೆಯಲ್ಲಿ ನಡೆದ ಕ್ಯಾಥರಿನ್‌ಳ ಶವಸಂಸ್ಕಾರವನ್ನ. 1548ರ ಸೆಪ್ಟೆಂಬರ್ 5ರಂದು, ಹೆಣ್ಣುಮಗು ಹೆತ್ತು ವಾರ ತುಂಬುವ ಮೊದಲೇ ರಾಣಿ ಹೋಗಿಬಿಟ್ಟಳು, ಬಾಣಂತಿ ಸನ್ನಿ. ಶೋಕದವರಲ್ಲಿ ಮೊದಲ ಸ್ಥಾನ ಜೇನ್‌ಗೆ. ವಯಸ್ಸು ಹನ್ನೊಂದರ ಆಸುಪಾಸು. ಅವಳ ನಿಲುವಂಗಿಯ ಅಂಚು ಹಿಡಿಯೋಕೆ ಇನ್ನೊಬ್ಬ ಹುಡುಗಿ. ಕೀರ್ತನೆ ಹಾಡಿದ್ದು ಲ್ಯಾಟಿನ್‌ನಲ್ಲಲ್ಲ, ಇಂಗ್ಲಿಷಿನಲ್ಲಿ. ಬೈಬಲ್ ಅನುವಾದ ಮಾಡಿದ್ದ ಮೈಲ್ಸ್ ಕವರ್ಡೇಲ್ ಅಲ್ಲೇ ಬಿಡಿಸಿ ಹೇಳಿದ: ಈ ಕಾಣಿಕೆ ಬಡವರಿಗೆ, ಸತ್ತವರಿಗೆ ಒಳ್ಳೇದಾಗಲಿ ಅಂತಲ್ಲ; ಈ ದೀಪಗಳು ಮರ್ಯಾದೆಗೆ ಮಾತ್ರ. ಕಾಣಿಕೆ, ಪ್ರಾರ್ಥನೆಯಿಂದ ಸತ್ತವರಿಗೆ ಒಳ್ಳೇದಾಗುತ್ತೆ ಅನ್ನೋದು ಕ್ಯಾಥೊಲಿಕ್ ನಂಬಿಕೆ, ಪ್ರೊಟೆಸ್ಟೆಂಟರು ಅದನ್ನ ಒಪ್ಪಲ್ಲ. ತಿಥಿ, ಪಿಂಡ ನೋಡಿ ಬೆಳೆದ ನಮಗೆ ಆ ಮಾತಿನ ತೂಕ ಬೇಗ ಗೊತ್ತಾಗುತ್ತೆ.

ಯಾದವಗಿರಿ ಓದುಗಿ:
ಮೇಷ್ಟ್ರೇ, ಒಪ್ತೀನಿ. ಆದರೆ ಇಬ್ಬರ ಸ್ವಭಾವ ಒಂದೇ ಅಲ್ಲ. 1546ರಲ್ಲಿ ಹಳೇ ಮತದ ಬಿಷಪ್ ಗಾರ್ಡಿನರ್ ಕಡೆಯವರು ಕ್ಯಾಥರಿನ್‌ಳನ್ನ ಹಿಡಿಸೋಕೆ ನೋಡಿದಾಗ, ನಿಮ್ಮಿಂದ ಕಲಿಯೋಕೇ ವಾದ ಮಾಡ್ತಿದ್ದೆ ಅಂತ ಹೆನ್ರಿ ಮುಂದೆ ತಗ್ಗಿ ಅವಳು ಜೀವ ಉಳಿಸಿಕೊಂಡಳು ಅಂತ ಪ್ರೊಟೆಸ್ಟೆಂಟ್ ಇತಿಹಾಸಕಾರ ಜಾನ್ ಫಾಕ್ಸ್ ಬರೀತಾನೆ. ಅವಳನ್ನ ನಾನು ದೂರಲ್ಲ, ಪ್ರೊಟೆಸ್ಟೆಂಟ್ ಹೆಂಗಸು ಆನ್ ಆಸ್ಕ್ಯೂಳನ್ನ ಜೀವಂತ ಸುಟ್ಟದ್ದು ಅದೇ ವರ್ಷ. ಜೇನ್ ಮಾತ್ರ ತಗ್ಗಲಿಲ್ಲ. 1554ರಲ್ಲಿ ಕ್ಯಾಥೊಲಿಕ್ ಮೇರಿ ರಾಣಿ ಕಳಿಸಿದ ಪಾದ್ರಿ ಫೆಕೆನ್‌ಹ್ಯಾಂ ಸೆರೆಮನೆಗೇ ಬಂದು ಮತ ಬದಲಿಸು ಅಂದರೂ, ನಂಬಿಕೆಯೊಂದೇ ಉದ್ಧಾರ ಮಾಡೋದು ಅಂತ ಪಟ್ಟು ಹಿಡಿದಳು.

ಗಂಗೋತ್ರಿ ವಿದ್ಯಾರ್ಥಿನಿ, ಮೈಸೂರು:
ತುಂಬಾ ಥ್ಯಾಂಕ್ಸ್ ಮೇಡಂ, ಈ ವ್ಯತ್ಯಾಸ ಖಂಡಿತ ಹಾಕ್ತೀನಿ. ಮೇಷ್ಟ್ರೇ, ಶವಸಂಸ್ಕಾರ ಅವಳ ಮೇಲೆ ಪರಿಣಾಮ ಮಾಡ್ತು ಅನ್ನೋಕೆ ಅವಳದೇ ಮಾತು ಏನಾದ್ರೂ ಇದೆಯಾ?

ಮಂಡ್ಯದ ನಿವೃತ್ತ ಮೇಷ್ಟ್ರು:
ಆ ದಿನದ ಬಗ್ಗೆ ಅಲ್ಲ. ಆದರೆ 1554ರ ಫೆಬ್ರುವರಿ 12ರಂದು ವಧಾವೇದಿಕೆ ಮೇಲೆ ಅವಳು ಜನರನ್ನ ಕೇಳಿಕೊಂಡದ್ದು, ನಾನು ಬದುಕಿರೋವರೆಗೆ ನನಗಾಗಿ ಪ್ರಾರ್ಥನೆ ಮಾಡಿ ಅಂತ. ಸತ್ತ ಮೇಲೆ ಬೇಡ. ಐಲ್ಮರ್‌ ಕೂಡ ಅದನ್ನೇ ಹೇಳಿಕೊಟ್ಟಿರಬಹುದು, ನಿಜ. ಕಣ್ಣಾರೆ ಕಂಡದ್ದು ಮಾತ್ರ ಸೂಡ್ಲಿಯಲ್ಲಿ. ಕವರ್ಡೇಲ್ ಮಾತನ್ನೂ ಇದನ್ನೂ ಪಕ್ಕಪಕ್ಕ ಇಟ್ಟು ಓದಿಸು.