ಸಹಾಯ ಬೇಕು: ಚನ್ನಪಟ್ಟಣದ ಮಣಿಯನ್ನು ಬೆಳ್ಳಿಗೆ ಕೂರಿಸೋದು ಹೇಗೆ?

ಎಲ್ಲರಿಗೂ ನಮಸ್ಕಾರ. ನಾನು ದೃಶ್ಯಕಲೆ ವಿದ್ಯಾರ್ಥಿನಿ. ಈ ಸೆಮಿಸ್ಟರ್‌ನಲ್ಲಿ ಒಡವೆ, ಕರಕುಶಲ, ಡಿಜಿಟಲ್ ಡಿಸೈನ್ ಮೂರೂ ಇವೆ. ಮೂರನ್ನೂ ಸೇರಿಸಿ ಒಂದೇ ಪೆಂಡೆಂಟ್ ಮಾಡುತ್ತಿದ್ದೇನೆ. ಕಂಪ್ಯೂಟರ್ ಕೆಲಸ ಮುಗಿದಿದೆ, ಅದರ ಚಿಂತೆ ಇಲ್ಲ.

ಕಾಟ ಕೊಡುತ್ತಿರುವುದು ಮಣಿ. ಚನ್ನಪಟ್ಟಣದ ಹಾಲೆ ಮರದ್ದು, ಮೇಲೆ ಅರಗಿನ ಬಣ್ಣ, ಕೇದಗೆ ಎಲೆಯಲ್ಲಿ ಉಜ್ಜಿದ ಹೊಳಪು. ಅದರೊಳಗೆ 1 ಮಿ.ಮೀ. ಬೆಳ್ಳಿ ತಂತಿ ತೂರಿಸಿ ಎರಡೂ ಕಡೆ ಪೆಂಡೆಂಟಿನ ಫ್ರೇಮಿಗೆ ಹಿಡಿಸಬೇಕು. ಬೆಳ್ಳಿ ಬೆಸುಗೆ ಕರಗಲು 600 ಡಿಗ್ರಿಗಿಂತ ಜಾಸ್ತಿ ಬೇಕು. ಅರಗು 100 ಡಿಗ್ರಿಯೊಳಗೇ ಮೆತ್ತಗಾಗುತ್ತದೆ. ಮಣಿಗೆ ಒದ್ದೆ ಹತ್ತಿ ಸುತ್ತಿ, ಬೆಸುಗೆ ಹರಿಯಲೆಂದು ತಂತಿಗೆ ಬಿಳಿಗಾರ ಹಚ್ಚಿ, ಬೆಂಕಿ ಊದಿ ನೋಡಿದೆ. ಬೆಳ್ಳಿ ಶಾಖವನ್ನು ಸರಸರ ಒಳಗೆ ಒಯ್ಯುತ್ತದಲ್ವಾ, ತೂತಿನ ಸುತ್ತ ಕೆಂಪು ಬಣ್ಣ ಗುಳ್ಳೆ ಎದ್ದು ಕಪ್ಪಾಯಿತು. ಮೊದಲೇ ಬೆಸೆದರೆ ಮಣಿ ತೂರಿಸಲು ಜಾಗವೇ ಇರುವುದಿಲ್ಲ. ಅಂಟು ಹಾಕಿದರೆ ಮೇಷ್ಟ್ರು ಒಪ್ಪುವುದಿಲ್ಲ, ನನಗೂ ಅದು ಸುಮ್ನೆ ತೇಪೆ ಅನಿಸುತ್ತದೆ.

ಉಳಿದದ್ದು ರಿವೆಟ್, ಅಂದರೆ ತಂತಿಯ ತುದಿಯನ್ನು ಸುತ್ತಿಗೆಯಲ್ಲಿ ಬಡಿದು ತಲೆ ಮಾಡಿ ಹಿಡಿಸುವುದು. ಹಿತ್ತಾಳೆ ತಂತಿಯಲ್ಲಿ ಅಭ್ಯಾಸ ಮಾಡಿದೆ. ಸುತ್ತಿಗೆ ಏಟಿಗೆ ತಂತಿ ಬಾಗುತ್ತದೆ, ಇಲ್ಲವೇ ಮಣಿಯ ಅಂಚಿನ ಅರಗು ಚಕ್ಕೆ ಏಳುತ್ತದೆ.

ಅಕ್ಕಸಾಲಿ ಕೆಲಸ ಗೊತ್ತಿರುವವರು ದಯವಿಟ್ಟು ಹೇಳಿ: 1 ಮಿ.ಮೀ. ತಂತಿಗೆ ತಲೆ ಮಾಡಲು ಎಷ್ಟು ಉದ್ದ ಹೊರಗೆ ಬಿಡಬೇಕು? ಮಣಿಗೂ ಫ್ರೇಮಿಗೂ ನಡುವೆ ಬೆಳ್ಳಿ ವಾಷರ್ ಹಾಕಿದರೆ ಅರಗು ಉಳಿಯುತ್ತದಾ?