ಸಹಾಯ ಬೇಕು: ಅಪ್ಪ ಅಮ್ಮನ ಜೊತೆ ಕೆರಿಬಿಯನ್ ಕ್ರೂಸ್, ಯಾವ ತಿಂಗಳು, ಯಾವ ಬಂದರು?

ಎಲ್ಲರಿಗೂ ನಮಸ್ಕಾರ. ಅಮೆರಿಕಕ್ಕೆ ಬರುವ ಅಪ್ಪ ಅಮ್ಮನ ಜೊತೆ 7 ರಾತ್ರಿಯ ಕ್ರೂಸ್ ಬುಕ್ ಮಾಡಬೇಕು. ಅಮ್ಮನಿಗೆ ಮಂಡಿನೋವು, ಹಾಗಾಗಿ ಹಡಗಿಗಿಂತ ಬಂದರಿನ ಆಯ್ಕೆಯೇ ಮುಖ್ಯ.

ಚಂಡಮಾರುತದ ಕಾಲ ಜೂನ್ 1ರಿಂದ ನವೆಂಬರ್ 30, ಅದನ್ನು ಪೂರ್ತಿ ಬಿಟ್ಟಿದ್ದೇವೆ. ಡಿಸೆಂಬರ್, ಜನವರಿಯಲ್ಲಿ ಮಳೆ ಕಡಿಮೆ. ಆದರೆ ಉತ್ತರದಿಂದ ತಣ್ಣನೆಯ ಗಾಳಿ ಇಳಿದಾಗ ಗ್ರ್ಯಾಂಡ್ ಕೇಮನ್ ಕಷ್ಟ: ಅಲ್ಲಿ ಕ್ರೂಸ್ ಹಡಗಿಗೆ ಕಟ್ಟೆ ಇಲ್ಲ, ದಡಕ್ಕೆ ಕರೆದೊಯ್ಯುವ ಸಣ್ಣ ಟೆಂಡರ್ ದೋಣಿಗೆ ಇಳಿಯಬೇಕು, ಅಲೆ ಎದ್ದರೆ ನಿಲುಗಡೆಯೇ ರದ್ದು. ಬೆಲೀಜ್ ಸಿಟಿಯಲ್ಲಿ ನೀರು ಆಳವಿಲ್ಲದ್ದರಿಂದ ಹಡಗು ಬಹಳ ದೂರ ನಿಲ್ಲುತ್ತದೆ. ಮಂಡಿನೋವಿದ್ದವರಿಗೆ ಎರಡೂ ಬೇಡ ಅನ್ನಿಸುತ್ತದೆ. ಕೊಝುಮೆಲ್, ಸೇಂಟ್ ಥಾಮಸ್, ಸೇಂಟ್ ಮಾರ್ಟನ್‌ನಲ್ಲಿ ಹಡಗು ಕಟ್ಟೆಗೇ ತಾಗುತ್ತದೆ.

ಮಾರ್ಚ್ ಮೊದಲ ವಾರ ಮನಸ್ಸಿನಲ್ಲಿದೆ. ಆಮೇಲೆ ಕಾಲೇಜು ರಜೆಯ ಗದ್ದಲ, ಬೇಸಿಗೆ ಹತ್ತಿರವಾದಂತೆ ಪೂರ್ವ ದಂಡೆಗಳಿಗೆ ಸರ್ಗಾಸಮ್ ಪಾಚಿ ಬಂದು ಕೊಳೆತು ನಾರುತ್ತದೆ.

ತಿಳಿದವರು ದಯವಿಟ್ಟು ಹೇಳಿ:

ಮಯಾಮಿಯಿಂದ ಅರೂಬಾ, ಕುರಸಾವ್ ದೂರ, ಸಮುದ್ರದಲ್ಲೇ ಹಲವು ದಿನ ಹೋಗುತ್ತದೆ. ಪೋರ್ಟೊ ರಿಕೊದ ಸ್ಯಾನ್ ಹುವಾನ್‌ನಿಂದ ಹೊರಟರೆ ಹೆಚ್ಚು ದ್ವೀಪ ಸಿಗುತ್ತವೆ, ಆದರೆ ವಿಮಾನ ಪ್ರಯಾಣ ಹೆಚ್ಚು. ಹಿರಿಯರಿಗೆ ಯಾವುದು ಹಗುರ?

ಹಡಗು ಓಲಾಡುವುದು ಕಡಿಮೆಯಿರಲೆಂದು ಕೆಳ ಡೆಕ್‌ನ ನಡುಭಾಗದ ಕೋಣೆ ನೋಡಿದ್ದೇವೆ. ಮಾರ್ಚ್‌ನ ಗಾಳಿಗೆ ಅಷ್ಟು ಸಾಕೇ?

ಇಬ್ಬರದ್ದೂ ಭಾರತೀಯ ಪಾಸ್‌ಪೋರ್ಟ್, ಮರಳಿ ಬರಲು ಮಲ್ಟಿಪಲ್ ಎಂಟ್ರಿ ವೀಸಾ ಇದೆ. ದಿನದ ಮಟ್ಟಿಗೆ ಇಳಿಯಲು ಯಾವ ದ್ವೀಪದಲ್ಲಿ ಬೇರೆ ವೀಸಾ ಕೇಳಿದರು? ಇತ್ತೀಚೆಗೆ ಹೋಗಿಬಂದವರ ಉತ್ತರ ಬೇಕು.